ಒಟಿಪಿ ಕೊಡಲು ಅತ್ತೆ ಕೇಳಿದ ಪ್ರಶ್ನೆ

ಬೆಳಿಗ್ಗೆ ನಲ್ಲಿ ನೀರು ತುಂಬಿದೆ, ಮುಸುರೆ ತೊಳೆದೆ, ಮಾನ್ವಿಯ ನನ್ನ ಟೇಲರಿಂಗ್ ಅಂಗಡಿಯಲ್ಲಿ ಎರಡು ಜಂಪರಿಗೆ ಹುಕ್ಕು ಹಚ್ಚಿ, ನಮ್ಮ ಮನೆಯವರ ಜೊತೆ ರಾಯಚೂರು ಬಸ್ಸು ಹತ್ತಿದೆ. ಆದಾಯ ತೆರಿಗೆ ರಿಟರ್ನ್ ಸಲ್ಲಿಸಲು ಅಂದೇ ಕಡೆಯ ದಿನ. ತಪ್ಪಿದರೆ ದಂಡ.

ರಿಟರ್ನ್ ತುಂಬುವವರ ಕಚೇರಿಯಲ್ಲಿ ಕುಳಿತರೆ ಪಾಸ್‌ವರ್ಡ್ ನೆನಪಿಗೇ ಬರಲಿಲ್ಲ. ಹೊಸದಕ್ಕೆ ಒಟಿಪಿ ಬೇಕು. ಅದು ಹೋಗಿದ್ದು ಆಧಾರ್‌ಗೆ ಜೋಡಿಸಿದ್ದ ನನ್ನ ಹಳೆಯ ನಂಬರಿಗೆ. ಆ ಸಿಮ್ಮನ್ನು ನಾನು ದೇವದುರ್ಗದ ಅತ್ತೆಗೆ ಕೊಟ್ಟುಬಿಟ್ಟಿದ್ದೆ! ನಮ್ಮಿಬ್ಬರ ಫೋನಿನಲ್ಲೂ ಚಾರ್ಜು ಇರಲಿಲ್ಲ. ಕಚೇರಿಯವರ ಫೋನಿನಿಂದ, ಸ್ಪೀಕರ್ ಹಾಕಿ, ಅತ್ತೆಗೆ ಕರೆ ಮಾಡಿದೆ. ಒಟಿಪಿ ಕೆಲವೇ ನಿಮಿಷ ಇರುತ್ತದೆ.

"ಯಾರು ಕೇಳಿದ್ರೂ ನಂಬರ್ ಹೇಳಬ್ಯಾಡ ಅಂತ ನನ್ನ ಸೊಸಿ ಹೇಳ್ಯಾಳ," ಅಂದರು ಅತ್ತೆ.

"ನಾನೇ ಅತ್ತಿ, ನಿಮ್ಮ ಸೊಸಿ."

"ಹಂಗ ಎಲ್ಲಾರೂ ಅಂತಾರ. ಸೊಸಿ ಆಗಿದ್ರ ಹೇಳು, ನಮ್ಮ ಮನಿಗೆ ಬಂದ ಮೊದಲ ವಾರ ಏನು ಒಡದಿದ್ದಿ?"

ಕಚೇರಿಯವರೆಲ್ಲ ನನ್ನತ್ತ ತಿರುಗಿದರು. "ಉಪ್ಪಿನಕಾಯಿ ಭರಣಿ," ಎಂದೆ ಮೆಲ್ಲಗೆ.

"ಅದನ್ನ ಬೆಕ್ಕು ಒಡದಿತ್ತಲ್ಲ?" ಪಕ್ಕದಲ್ಲಿದ್ದ ಮನೆಯವರು ಕೇಳಿದರು.

"ನೀ ಸುಮ್ನಿರಲೇ," ಅಂದರು ಅತ್ತೆ ಫೋನಿನಿಂದ. "ಬರಕೋ ಯವ್ವಾ." ಒಂದೊಂದೇ ಅಂಕಿ ಹೇಳಿದರು. ರಿಟರ್ನ್ ಹೋಯಿತು!

ಇಪ್ಪತ್ತಾರು ವರ್ಷ ಅತ್ತೆ ನನ್ನ ತಪ್ಪನ್ನು ಹೆತ್ತ ಮಗನಿಂದಲೂ ಮುಚ್ಚಿಟ್ಟಿದ್ದರು. ಮನೆಗೆ ಬಂದು ರೊಟ್ಟಿ, ಪುಂಡಿಪಲ್ಯ ಉಂಡೆವು. ಮನೆಯವರು ಬೆಕ್ಕಿನ ವಿಚಾರಣೆ ಮುಗಿಸುವ ಮೊದಲೇ ನಾನು ಮಲಗಿಬಿಟ್ಟೆ.