ಪೇಂಟರ್ ಚೆನ್ನಪ್ಪನ ‘ಓಕೆ’

ಬಾಯಲ್ಲಿ ಕುಂಚ ಕಚ್ಚಿಕೊಂಡೇ ಚೆನ್ನಪ್ಪ ಬೈಯುತ್ತಿದ್ದ. ಮಾತು ಹಲ್ಲಿನ ಸಂದಿಯಿಂದ ಬರುತ್ತಿದ್ದುದರಿಂದ ಬೈಸಿಕೊಂಡವರಿಗೆ ಅರ್ಧವೇ ತಿಳಿಯುತ್ತಿತ್ತು. ಆ ಅರ್ಧ ಒಂದು ವಾರಕ್ಕೆ ಸಾಕಾಗುತ್ತಿತ್ತು. ಲಾರಿಯ ಹಿಂಬದಿಗೆ ಅವನಷ್ಟು ನೆಟ್ಟಗೆ ಅಕ್ಷರ ಬರೆಯುವವರು ಬೈಲಹೊಂಗಲದಲ್ಲಿ ಬೇರೆ ಇರಲಿಲ್ಲ. ಹೀಗಾಗಿ ಮಾಲೀಕರು ಬೈಸಿಕೊಂಡೂ ಬರುತ್ತಿದ್ದರು.

ಅವನದೊಂದು ಪದ್ಧತಿ. ‘ಹಾರ್ನ್’ ಬರೆದು, ‘ಪ್ಲೀಸ್’ ಬರೆದು, ನಡುವಿನ ‘ಓಕೆ’ಗೆ ಜಾಗ ಬಿಟ್ಟು ಕೂತುಬಿಡುತ್ತಿದ್ದ. ಆ ಪದ ಎಲ್ಲಿ ಹುಟ್ಟಿತೆಂದು ಅವನ ಬಾಯಿಂದ ಕೇಳಿ, ಒಪ್ಪಿದ ಮೇಲೆಯೇ ಲಾರಿ ಬಿಡುಗಡೆ. ಕಿತ್ತೂರಿನ ಮಾಲೀಕನೊಬ್ಬನಿಗೆ ಹೇಳುತ್ತಿದ್ದುದನ್ನು ನಾನೇ ಕೇಳಿದ್ದೇನೆ.

“ಮಹಾಯುದ್ಧದಾಗ ಡೀಸೆಲ್ ಇರಲಿಲ್ಲ. ಲಾರಿ ಚಿಮಣಿ ಎಣ್ಣಿ ಮ್ಯಾಲೆ ಓಡತಿದ್ವು. ಹಿಂದಿನ ಗಾಡಿ ತಟಗ ತಾಗಿದ್ರ ಸಾಕು, ಭಗ್ ಅಂತ ಹತ್ತೂದು. ಅದಕ್ಕ ‘ಆನ್ ಕೆರೋಸಿನ್’ ಅಂತ ಹಿಂದ ಬರದ್ರು. ಅದ ಓಕೆ. ಅಮೇರಿಕಾದವರು ನಮ್ಮ ಲಾರಿ ಹಿಂದ ಹೊಗಿ ಕುಡಕೋತ ನಿಂತು ಕಲ್ತಾರ. ತಿಳೀತಿಲ್ಲೋ?”

“ತಿಳೀತ್ರಿ.”

“ಏನ್ ತಿಳೀತೋ! ನಿನ್ನ ಮಾರಿ ನೋಡಿದ್ರ ಎತ್ತಿಗೂ ಸಂಶೇ ಬರತೈತಿ.”

ಒಪ್ಪದವನು ಒಬ್ಬನೇ, ಅವನ ತಮ್ಮ ಈರಣ್ಣ. ಅಣ್ಣ ಬರೆದ ಅಕ್ಷರಗಳ ಸುತ್ತ ಗಿಳಿ, ಕಮಲ ಬಿಡಿಸುವುದು ಅವನ ಕೆಲಸ. “ಅಣ್ಣಾ, ಅಮೇರಿಕಾದ ಪೇಪರಿನವರು ‘ಆಲ್ ಕರೆಕ್ಟ್’ ಅನ್ನೂದನ್ನ ಮಷ್ಕಿರಿಗೆ ‘ಓಲ್ ಕೊರೆಕ್ಟ್’ ಅಂತ ತಪ್ಪು ಸ್ಪೆಲ್ಲಿಂಗಿನಾಗ ಬರದಿದ್ರಂತ. ಆ ಎರಡು ಪದದ ಮೊದಲಿನ ಒಂದೊಂದು ಅಕ್ಷರ ಇದು” ಎನ್ನುತ್ತಿದ್ದ, ಮೆತ್ತಗೆ.

ನಾನು ಅಲ್ಲಿನ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವನು. ಈ ಪದದ ಬಗ್ಗೆ ಪಂಡಿತರ ಜಗಳ ಇನ್ನೂ ಮುಗಿದಿಲ್ಲ, ಆದರೆ ತಕ್ಕಡಿ ಈರಣ್ಣನ ಕಡೆಗೇ ವಾಲುತ್ತದೆ ಎಂಬುದು ನನಗೆ ಗೊತ್ತಿತ್ತು. ಆದರೇನು, ಯಾರಿಗಾದರೂ ನಮಸ್ಕಾರ ಹೇಳಿದರೂ ತಪ್ಪು ತಿಳಿದುಕೊಂಡರೇನೋ ಎಂದು ಎರಡು ದಿನ ಕೊರಗುವ ಜನ್ಮ ನನ್ನದು. ಚೆನ್ನಪ್ಪ ಒಬ್ಬನೇ ಸಿಕ್ಕಾಗ “ನಿಮ್ಮದ ಖರೆ” ಎಂದೆ. ಈರಣ್ಣ ಒಬ್ಬನೇ ಸಿಕ್ಕಾಗ ಅವನಿಗೂ ಅದನ್ನೇ ಎಂದೆ.

ಒಂದು ದಿನ ಲಾರಿಯ ಮುಂದೆ ಇಬ್ಬರೂ “ಸರ ನನ್ನದ ಖರೆ ಅಂದಾರ” ಎಂದು ನನ್ನತ್ತ ತಿರುಗಿದರು. ನಾನು ಬಾರದ ಫೋನನ್ನು ಕಿವಿಗಿಟ್ಟುಕೊಂಡು “ಹಲೋ, ಹಲೋ” ಎನ್ನುತ್ತ ಬಸ್ ನಿಲ್ದಾಣದ ಕಡೆ ನಡೆದೆ. ತಿರುಗಿ ನೋಡಿದರೆ, ಈರಣ್ಣ ನಾಲ್ಕು ದಿನ ಕೂತು ಬಿಡಿಸಿದ್ದ ಗಿಳಿಗಳ ಮೇಲೆ ಚೆನ್ನಪ್ಪ ಕರಿ ಬಣ್ಣ ಬಳಿಯುತ್ತಿದ್ದ. “ಅಮೇರಿಕಾಕ್ಕ ಹೋಗಿ ಗಿಳಿ ತಗೀಲೇ. ಇಲ್ಲೇನೈತಿ ನಿಂದು?”

ಈರಣ್ಣ ಅಂದೇ ಹೆಂಡತಿಯ ಊರಾದ ಸವದತ್ತಿಗೆ ಹೋದ. ಮೂರು ವರ್ಷ ಅಣ್ಣತಮ್ಮಂದಿರಲ್ಲಿ ಮಾತಿಲ್ಲ.

ಆಮೇಲೆ ಈರಣ್ಣನ ಫುಪ್ಪುಸ ಕೆಟ್ಟಿತು. ಡಾಕ್ಟರು ಮನೆಗೆ ಕರೆದೊಯ್ಯಿರಿ ಎಂದರು. ನೋಡಲು ಹೋದಾಗ ನನ್ನ ಕೈ ಹಿಡಿದು, ಉಸಿರು ಕೂಡಿಸಿಕೊಂಡು ಹೇಳಿದ: “ಅಣ್ಣಗ ಹೇಳ್ರಿ ಸರ. ಅವಂದ ಖರೆ. ನಾ ಒಪ್ಪೇನಿ. ಒಮ್ಮೆ ಬಂದು ಹೋಗಲಿ.”

ಇಷ್ಟು ಸುಲಭದಲ್ಲಿ ನನ್ನ ಪಾಪ ತೊಳೆದುಹೋಗುತ್ತದೆಂದು ಹಿಗ್ಗಿ ಬೈಲಹೊಂಗಲಕ್ಕೆ ಓಡಿದೆ. ಚೆನ್ನಪ್ಪ ಹಲಗೆಯಿಂದ ಮುಖ ತಿರುಗಿಸಲಿಲ್ಲ.

“ಸಾಯಾಂವ ಒಪ್ಪಿದ್ದು ಒಪ್ಪಿಗಿ ಏನ್ರಿ ಸರ? ಆರಾಮಾಗಿ ಎದ್ದು ಬರಲಿ. ಬಂದು ಒಪ್ಪಲಿ.”

ಬರೆಯುತ್ತಿದ್ದ ಅಕ್ಷರ ಒಂದು ಕೂದಲೆಳೆಯಷ್ಟೂ ಸೊಟ್ಟಗಾಗಲಿಲ್ಲ.

ಇದನ್ನು ಈರಣ್ಣನಿಗೆ ಹೇಗೆ ಹೇಳುವುದು? ಫೋನ್ ಮಾಡಿ “ಬರತೇನಿ ಅಂದಾರ” ಎಂದುಬಿಟ್ಟೆ. ಅಂದು ನನಗೆ ಅಪರೂಪಕ್ಕೆ ಒಳ್ಳೆಯ ನಿದ್ದೆ ಬಂತು.

ನಾಲ್ಕನೆಯ ದಿನ ಸವದತ್ತಿಯಲ್ಲಿ ಈರಣ್ಣನ ಮಣ್ಣು. ಚೆನ್ನಪ್ಪ ಬಂದ. ಕುಣಿಯ ಬಳಿ ಹಿಡಿ ಮಣ್ಣು ತೆಗೆದುಕೊಂಡಾಗ ಈರಣ್ಣನ ಹೆಂಡತಿ ನೀಲವ್ವ ಅಡ್ಡ ನಿಂತಳು.

“ಬಾವಾರ, ಬರತೇನಿ ಅಂದಿದ್ರಂತ. ಸರ ಹೇಳಿದ್ರು. ಇವರು ದಾಡಿ ಮಾಡಿಸ್ಕೊಂಡು ಮೂರು ದಿನ ಬಾಗಲಾ ನೋಡಕೋತ ಕುಂತಿದ್ರು. ಮಲಕ್ಕೋರಿ ಅಂದ್ರ ಮಲಗಲಿಲ್ಲ.”

ಚೆನ್ನಪ್ಪ ನನ್ನನ್ನು ನೋಡಿದ. ನಾನು ನೆಲ ನೋಡಿದೆ. ಅವನು ಯಾರ ತಪ್ಪನ್ನೂ ತಿದ್ದದೆ ಬಿಟ್ಟವನಲ್ಲ. ಈಗ ಎಲ್ಲರೆದುರು ನನ್ನ ಮಾನ ಹೋಯಿತೆಂದು ಬೆವರಿದೆ.

“ಹೌದವಾ, ಅಂದಿದ್ದೆ” ಅಂದ. “ಬಸ್ ತಪ್ಪಿತು.”

“ಮೂರೂ ದಿನಾ?”

“ಮೂರೂ ದಿನ.”

“ಹಂಗಾರ ನೀವು ಮಣ್ಣು ಹಾಕಬ್ಯಾಡ್ರಿ.”

ಅವನು ಮುಷ್ಟಿ ಬಿಚ್ಚಿದ. ಮಣ್ಣು ಅವನ ಪಾದದ ಮೇಲೆಯೇ ಬಿತ್ತು. ಜನ ದಾರಿ ಬಿಟ್ಟರು. ತಲೆ ಎತ್ತದೆ ಹೊರಟುಹೋದ. ಮುಂದೆ ನಾನು ಅವನನ್ನು ಕಾಣಲಿಲ್ಲ.

“ನೀವು ಬರ್ರಿ ಸರ, ನೀವು ಹಾಕ್ರಿ” ಎಂದು ನೀಲವ್ವ ನನ್ನನ್ನು ಮುಂದೆ ಕರೆದಳು. ಹಾಕಿದೆ.