ಹೆಡ್‌ಮಾಸ್ಟ್ರ ಮಡಿ

ಮೂಡಬಿದಿರೆಯಲ್ಲಿ ನನ್ನದೊಂದು ಹಲ್ಲಿನ ಕ್ಲಿನಿಕ್ ಇದೆ. ಒಬ್ಬರ ಬಾಯಿಯ ರೋಗ ಇನ್ನೊಬ್ಬರ ಬಾಯಿಗೆ ಹೋಗಬಾರದು ಎನ್ನುವ ವಿಷಯದಲ್ಲಿ ನಾನು ಸ್ವಲ್ಪ ಹುಚ್ಚಿಯೇ. ಒಮ್ಮೆ ಬಳಸಿದ ಇಕ್ಕಳ ಆಟೊಕ್ಲೇವ್ ಎಂಬ ದೊಡ್ಡ ಕುಕ್ಕರಿನಲ್ಲಿ ಬೇಯದೆ ಮತ್ತೆ ಯಾರ ಬಾಯಿಗೂ ಹೋಗುವಂತಿಲ್ಲ. ಹೊಸಬರು ಕುರ್ಚಿ ಹತ್ತುವ ಮೊದಲು ಒಂದು ಫಾರ್ಮ್ ತುಂಬಬೇಕು. ಸಕ್ಕರೆ ಕಾಯಿಲೆ ಇದೆಯೇ, ಕಾಮಾಲೆ ಬಂದಿತ್ತೇ, ಇಂಥ ಪ್ರಶ್ನೆಗಳು. ನಮ್ಮ ಕಡೆಯವರಿಗೆ ಅದು ಹೆಣ್ಣು ನೋಡಲು ಬಂದವರ ವಿಚಾರಣೆಯಂತೆ ಕಾಣುತ್ತದೋ ಏನೋ, ಎಲ್ಲದಕ್ಕೂ ‘ಇಲ್ಲ’ ಎಂದೇ ಬರೆಯುತ್ತಾರೆ. ಬಿ.ಪಿ. ಮಾತ್ರೆ ಜೇಬಿನಲ್ಲಿಟ್ಟುಕೊಂಡೇ ಬಿ.ಪಿ. ಇಲ್ಲ ಎಂದವರನ್ನು ನೋಡಿದ್ದೇನೆ.

ಕಳೆದ ವರ್ಷ ನನ್ನ ಹೈಸ್ಕೂಲಿನ ಹೆಡ್‌ಮಾಸ್ಟ್ರು ದವಡೆ ಹಿಡಿದುಕೊಂಡು ಬಂದರು. ಸುಳ್ಳು ಹೇಳಿದವರ ಕಿವಿ ಹಿಂಡಿಯೇ ನಿವೃತ್ತರಾದವರು. ಫಾರ್ಮಿನಲ್ಲಿ ನಾವು ಮಾಡಿದ್ದ ಎರಡು ಕಾಗುಣಿತದ ತಪ್ಪುಗಳನ್ನು ತಿದ್ದಿ, ಕಾಮಾಲೆ, ಲಿವರಿನ ಸೋಂಕು ಎಂದಿದ್ದ ಕಡೆ ದುಂಡಗೆ ‘ಇಲ್ಲ’ ಎಂದು ಬರೆದುಕೊಟ್ಟರು.

ಹಲ್ಲು ಸಲೀಸಾಗಿ ಬಂತು. ಆಮೇಲೆ ದವಡೆ ಮರಗಟ್ಟಿಸಲು ಚುಚ್ಚಿದ್ದ ಸೂಜಿಗೆ ಮುಚ್ಚಳ ಹಾಕಬೇಕಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದು ಹಾಕಬಾರದು ಎಂದು ನನ್ನ ಬಳಿ ಕಲಿಯಲು ಬಂದವರಿಗೆಲ್ಲ ಗದರಿಸಿದವಳು ನಾನೇ. ಆದರೆ ಮಾಸ್ಟ್ರು ಕುರ್ಚಿಯಿಂದ ನನ್ನನ್ನೇ ನೋಡುತ್ತಿದ್ದರು. ಪರೀಕ್ಷೆಯ ಹಾಲಿನಲ್ಲಿ ಅವರು ಬೆನ್ನ ಹಿಂದೆ ಬಂದು ನಿಂತಾಗ ಬರುವ ಉತ್ತರವೂ ತಪ್ಪುತ್ತಿತ್ತಲ್ಲ, ಹಾಗೆಯೇ ಎರಡೂ ಕೈ ಸೇರಿಸಿಬಿಟ್ಟೆ. ಸೂಜಿ ಗ್ಲೌಸ್ ದಾಟಿ ಹೆಬ್ಬೆರಳಿಗೆ ಇಳಿಯಿತು.

ಇನ್ನೊಂದು ನಾಚಿಕೆಯ ಮಾತನ್ನೂ ಹೇಳಿಬಿಡುತ್ತೇನೆ. ಇಂಥ ಸೂಜಿಯಿಂದಲೂ ಹತ್ತಬಲ್ಲ ಲಿವರಿನ ಸೋಂಕು ಹೆಪಟೈಟಿಸ್ ಬಿ; ಅದನ್ನು ತಡೆಯುವ ಲಸಿಕೆ ಮೂರು ಸಲ ಆಗಬೇಕು. ನನ್ನ ಮೂರನೆಯದರ ದಿನ ಬಂಟ್ವಾಳದಲ್ಲಿ ಅತ್ತೆಯ ಮಗಳ ಮದುವೆಯಿತ್ತು. ಹೋಳಿಗೆ ಉಂಡು ಬಂದೆ, ಲಸಿಕೆ ಮರೆತೆ.

ಬೆರಳನ್ನು ಸೋಪಿನಲ್ಲಿ ತೊಳೆದು, “ಸರ್, ನಿಮ್ಮದೊಂದು ರಕ್ತಪರೀಕ್ಷೆ ಮಾಡಿಸುವ,” ಎಂದೆ. ಬಾಯಿಯಲ್ಲಿ ಹತ್ತಿ ಕಚ್ಚಿಕೊಂಡಿದ್ದ ಅವರಿಗೆ ಮಾತಾಡುವಂತಿರಲಿಲ್ಲ. ಫಾರ್ಮಿನ ‘ಇಲ್ಲ’ದ ಮೇಲೆ ಎರಡು ಸಲ ಬೆರಳು ಕುಟ್ಟಿ ಎದ್ದು ಹೋದರು.

ಮಂಗಳೂರಿನ ಡಾಕ್ಟರ್ ಗೆಳತಿಗೆ ಫೋನ್ ಮಾಡಿದೆ. “ಅವರ ರಕ್ತದಲ್ಲಿ ಆ ಸೋಂಕು ಉಂಟು ಅಂತಾದರೆ ನಾಳೆಯೊಳಗೆ ನಿನಗೆ ಬೇರೆಯೇ ಇಂಜೆಕ್ಷನ್ ಬೇಕು. ಮೊದಲು ಕೇಳು ಮಾರಾಯ್ತಿ,” ಎಂದಳು. ನನಗೆ ನಿಜಕ್ಕೂ ಭಯವಾಯಿತು. ಸಂಜೆಗೆ ಮುಂಚೆಯೇ ಸ್ಕೂಟರ್ ಹತ್ತಿ ಬೆಳುವಾಯಿಯ ಅವರ ಮನೆಗೆ ಹೋದೆ.

ಮಾಸ್ಟ್ರು ಅಂಗಳದ ನಲ್ಲಿಯಲ್ಲಿ ತಮ್ಮ ಲೋಟವನ್ನು ತಾವೇ ತಿಕ್ಕುತ್ತಿದ್ದರು. ಅವರ ಹೆಂಡತಿ ನನಗೆ ಕಾಫಿ ಕೊಟ್ಟು, “ಇವರ ಮಡಿ ನೋಡಿದೆಯಾ? ಬಟ್ಟಲು ಬೇರೆ, ಲೋಟ ಬೇರೆ, ಟವೆಲು ಬೇರೆ. ನಾನು ಮುಟ್ಟಿದರೂ ಆಗುವುದಿಲ್ಲ. ಇವರ ಅಪ್ಪ ಸಹ ಇಷ್ಟು ಮಾಡ್ತಿರಲಿಲ್ಲ,” ಎಂದು ನಗುತ್ತಾ ಒಳಗೆ ಹೋದರು.

ನಾನು ನಲ್ಲಿಯ ಬಳಿ ಹೋಗಿ ಹೆಬ್ಬೆರಳು ತೋರಿಸಿದೆ. ಎರಡೇ ಲಸಿಕೆಯ ಸಂಗತಿಯನ್ನೂ ಹೇಳಿದೆ.

“ಮೂರನೆಯದು ಯಾಕೆ ತೆಗೆದುಕೊಳ್ಳಲಿಲ್ಲ?” ಎಂದು ಗದರಿದರು.

“ಮದುವೆಯಿತ್ತು ಸರ್,” ಎಂದೆ, ಹೋಂವರ್ಕ್ ಮಾಡದವಳ ಹಾಗೆ. ಅವರು ಲೋಟವನ್ನು ಕಲ್ಲಿನ ಮೇಲಿಟ್ಟು ಬಾಗಿಲ ಕಡೆ ನೋಡಿದರು. ದನಿ ತೀರ ಸಣ್ಣದಾಯಿತು.

“ಉಂಟು. ನನಗೆ ಅದು ಉಂಟು. ಹನ್ನೆರಡು ವರ್ಷದ ಹಿಂದೆ ಭಾವನ ಆಪರೇಷನ್ನಿಗೆ ರಕ್ತ ಕೊಡಲು ಹೋಗಿದ್ದೆ. ಆಗುವುದಿಲ್ಲ, ಇಂಥದ್ದುಂಟು ಎಂದರು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಇವರಿಗೆಲ್ಲ ಹತ್ತಬಾರದಲ್ಲ, ಅದಕ್ಕೇ ಈ ಮಡಿ.”

ನನಗೆ ಸಿಟ್ಟು ಬಂತು. ಅದೇ ಉಸಿರಿನಲ್ಲಿ ಅಳುವೂ ಬಂತು. ನಾಳೆ ಬೆಳಿಗ್ಗೆಯೇ ಇಂಜೆಕ್ಷನ್ ತೆಗೆದುಕೊಳ್ಳುತ್ತೇನೆ, ನನ್ನದು ಹೇಗೋ ಆದೀತು ಎಂದೆ. “ಆದರೆ ಸರ್, ಒಳಗಿರುವ ಅಮ್ಮನಿಗೆ ಇವತ್ತೇ ಹೇಳಿ. ಅವರ ರಕ್ತ ನೋಡಿಸಬೇಕು, ಲಸಿಕೆ ಹಾಕಿಸಬೇಕು. ನಿಮ್ಮನ್ನೂ ಡಾಕ್ಟರ್ ನೋಡಬೇಕು. ಇದು ಹರಡುವುದು ರಕ್ತದಿಂದ, ಗಂಡಹೆಂಡಿರ ಕೂಡಿಕೆಯಿಂದ. ಬಟ್ಟಲಿನಿಂದ, ಲೋಟದಿಂದ ಅಲ್ಲ.”

“ಬಟ್ಟಲಿನಿಂದ ಅಲ್ಲವಾ?”

“ಅಲ್ಲ ಸರ್.”

“ಮಕ್ಕಳನ್ನು ಎತ್ತಿಕೊಂಡರೆ?”

“ಏನೂ ಆಗುವುದಿಲ್ಲ.”

ತಪ್ಪು ಉತ್ತರ ಕೊಟ್ಟವಳನ್ನು ನೋಡುವ ಹಾಗೆ ನನ್ನನ್ನು ನೋಡಿದರು. ನಾನು ಉತ್ತರ ಬದಲಿಸಲಿಲ್ಲ.

“ಮೊಮ್ಮಗಳಿಗೆ ಈಗ ಒಂಬತ್ತು,” ಎಂದರು. “ಒಂದು ದಿನವೂ ಎತ್ತಿಕೊಂಡಿಲ್ಲ.”