ಹೊಲಿಗೆ ಕೋಣೆಯ ರೇಡಿಯೊ

ಅವಳಿಗೆ ರೇಡಿಯೊ ಎಂದು ಹೆಸರಿಟ್ಟವನು ಕಟ್ಟಿಕೊಂಡ ಗಂಡನೇ. ಮದುವೆಯಾದ ಎರಡನೆಯ ವಾರಕ್ಕೇ ಇಟ್ಟ. ಇಪ್ಪತ್ತೆಂಟು ವರ್ಷಗಳಲ್ಲಿ ಆ ಹೆಸರು ಬೀದಿ ದಾಟಿ, ಆಸ್ಪತ್ರೆಯ ಗೇಟು ದಾಟಿ, ಅವಳು ದುಡಿಯುವ ಹೊಲಿಗೆ ಕೋಣೆಯವರೆಗೂ ಬಂದಿತ್ತು. ಅವಳಿಗೇನೂ ಬೇಸರವಿರಲಿಲ್ಲ. ಕಂಡದ್ದನ್ನು ಹೇಳುವುದರಲ್ಲಿ ತಪ್ಪೇನು ಎಂಬುದು ಅವಳ ವಾದ. ಕಾಣದ್ದನ್ನೂ ಹೇಳುತ್ತಾಳಲ್ಲ ಎಂಬುದು ಉಳಿದವರ ತಕರಾರು. ಕೆಟ್ಟವಳಲ್ಲ, ಪಾಪ. ಆದರೆ ಒಂದು ಮಾತು ಹೊಟ್ಟೆಗೆ ಬಿತ್ತೆಂದರೆ ಅದು ಹೊರಗೆ ಬರುವವರೆಗೆ ಅವಳಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು.

ಹೊಲಿಗೆ ಕೋಣೆ ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಕುದಿಸುವ ಕೋಣೆಗೆ ಅಂಟಿಕೊಂಡಿತ್ತು. ನಡುವಿನ ಗೋಡೆ ವರ್ಷವಿಡೀ ಬೆಚ್ಚಗಿರುತ್ತಿತ್ತು. ಕಿಟಕಿಯ ಕೆಳಗೆ ಮೂರು ಮಿಷನ್ನು, ಮಧ್ಯದಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಮೇಜು. ವಾರ್ಡುಗಳಲ್ಲಿ ಹರಿದ ಹಾಸಿಗೆ ಬಟ್ಟೆ ಇಲ್ಲಿಗೆ ಬಂದು, ಗಟ್ಟಿಯಿದ್ದ ಭಾಗ ದಿಂಬಿನ ಗವಸಾಗಿ ಮತ್ತೆ ವಾರ್ಡಿಗೆ ಹೋಗುತ್ತಿತ್ತು. ಒಬ್ಬೊಬ್ಬರಿಗೆ ದಿನಕ್ಕೆ ನಲವತ್ತು ಗವಸು. ಸಂಜೆ ಮೇಲ್ವಿಚಾರಕರು ಬಂದು ಪ್ರತಿಯೊಬ್ಬರ ಬುಟ್ಟಿ ಎಣಿಸುತ್ತಿದ್ದರು.

ಕತ್ತರಿ ಹಿಡಿಯುತ್ತಿದ್ದವಳು ಎಲ್ಲರಿಗಿಂತ ಹಿರಿಯಳು, ಎಲ್ಲರಿಗೂ ದೊಡ್ಡಮ್ಮ. ಸೋಮವಾರ ಊಟದ ಬಿಡುವಿನಲ್ಲಿ ಅವಳು ಮೇಜಿನ ಮೇಲಿನ ಚೂರುಬಟ್ಟೆ ಸರಿಸಿ ಬೈಬಲಿನ ಸುವಾರ್ತೆ ತೆರೆಯುತ್ತಿದ್ದಳು. ಒಂದು ಭಾಗ ಓದಬೇಕು, ಆ ವಾರ ಅದರಂತೆ ನಡೆಯಬೇಕು, ಮುಂದಿನ ಸೋಮವಾರ ಒಬ್ಬೊಬ್ಬರೂ ಏನು ಮಾಡಿದೆ ಎಂದು ಹೇಳಬೇಕು. ಓದಿ ಎದೆಗಿಳಿಸಿಕೊಂಡೆ ಎನ್ನುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. “ಮಾಡಿದ್ರೆ ಹೇಳಿ, ಮಾಡದಿದ್ರೆ ಸುಮ್ನಿರಿ” ಎಂಬುದು ಅವಳ ಕಾನೂನು. ಹಾಗಾಗಿ ಆ ಕೋಣೆಯಲ್ಲಿ ಸುಮ್ಮನಿದ್ದವರು ಎಂದರೆ ಮಾಡದವರು ಎಂದೇ ಲೆಕ್ಕ. ರೇಡಿಯೊ ಒಂದು ಸೋಮವಾರವೂ ಸುಮ್ಮನಿದ್ದವಳಲ್ಲ. ಶತ್ರುವನ್ನು ಪ್ರೀತಿಸಬೇಕೆಂಬ ಭಾಗ ಬಂದ ವಾರ ತಾನು ಜಗಳವಾಡಿದ್ದ ಕ್ಯಾಂಟೀನಿನವನಿಗೆ ಒಂದು ನಮಸ್ಕಾರ ಹೇಳಿ, ಅದನ್ನು ಇಪ್ಪತ್ತು ನಿಮಿಷ ವರ್ಣಿಸಿದ್ದಳು.

ಅವಳ ಪಕ್ಕದ ಮಿಷನ್ನಿನವಳು ಅವಳ ಓರಗಿತ್ತಿ, ಮೈದುನನ ಹೆಂಡತಿ. ಮನೆಯೂ ಎರಡು ಬಾಗಿಲಾಚೆ. ಆದರೆ ಇಬ್ಬರ ನಡುವೆ ಮಾತು ನಿಂತು ನಾಲ್ಕು ವರ್ಷ. ಆಗ ಮೈದುನನ ಕೆಲಸ ಹೋಗಿತ್ತು. ನಾಚಿಕೆಗೆ ಅವನು ದಿನವೂ ಚೀಲ ನೇತುಹಾಕಿಕೊಂಡು ಹೊರಟು, ಎಲ್ಲೋ ಕೂತು ಸಂಜೆ ಮರಳುತ್ತಿದ್ದ. ಇವಳನ್ನು ಅಕ್ಕ ಎಂದು ನಂಬಿ ಓರಗಿತ್ತಿ ಅದನ್ನು ಇವಳೊಬ್ಬಳ ಹತ್ತಿರ ಹೇಳಿಕೊಂಡಳು, ಯಾರಿಗೂ ಹೇಳಬೇಡ ಎಂದು ಕೈ ಹಿಡಿದು ಕೇಳಿಕೊಂಡಳು. ಇವಳು ಹೇಳಿದ್ದೂ ಒಬ್ಬರಿಗೇ. ಮೂರನೆಯ ದಿನ ಬೀದಿಯ ಹುಡುಗರು ಅವನ ಚೀಲ ನೋಡಿ, ಆಫೀಸಿಗಾ ಎಂದು ನಕ್ಕರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಓರಗಿತ್ತಿಯ ಬಾಯಲ್ಲಿ ಅಕ್ಕ ಎಂಬ ಶಬ್ದ ಬರಲಿಲ್ಲ. ಕತ್ತರಿ ಬೇಕಾದರೂ ಇವಳ ಕೈಯಿಂದ ತೆಗೆದುಕೊಳ್ಳುತ್ತಿರಲಿಲ್ಲ.

ಆ ಸೋಮವಾರ ದೊಡ್ಡಮ್ಮ ಓದಿದ್ದು ಗುಟ್ಟಾಗಿ ಮಾಡುವ ಉಪಕಾರದ ಭಾಗ. ಬಲಗೈ ಕೊಟ್ಟದ್ದು ಎಡಗೈಗೂ ಗೊತ್ತಾಗಬಾರದು. ಪ್ರಾರ್ಥನೆಯನ್ನೂ ಬೀದಿಯಲ್ಲಿ ನಿಂತಲ್ಲ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮಾಡಬೇಕು. ಮರೆಯಲ್ಲಿದ್ದದ್ದನ್ನೂ ನೋಡುವ ತಂದೆಯಾದ ದೇವರು ನೋಡಿಕೊಳ್ಳುತ್ತಾನೆ. ರೇಡಿಯೊಗೆ ನಗು ಬಂತು. ಕೇಳುವವರೇ ಇಲ್ಲದ ಕಡೆ ಮಾತಾಡಿ ಏನು ಸುಖ ಎಂದಳು. ಅಷ್ಟಕ್ಕೆ ನಿಲ್ಲಿಸಬಹುದಿತ್ತು.

“ನಮ್ಮ ಕೆಲಸಕ್ಕಂತೂ ಇದು ಆಗಿಬರಲ್ಲ ದೊಡ್ಡಮ್ಮ. ಬಲಗೈ ಮಾಡೋದು ಎಡಗೈಗೆ ಗೊತ್ತಿಲ್ಲದಿದ್ರೆ ಸೂಜಿ ಸೀದಾ ಬೆರಳಿಗೇ.”

ಓರಗಿತ್ತಿಯ ಎಡಗೈ ತೋರುಬೆರಳಿಗೆ ಹೋದ ಶುಕ್ರವಾರವಷ್ಟೇ ಮಿಷನ್ನಿನ ಸೂಜಿ ಇಳಿದಿತ್ತು. ದಪ್ಪ ಕಟ್ಟು ಕಟ್ಟಿದ್ದರು. ಅವಳು ಊಟದ ಡಬ್ಬಿ ಮುಚ್ಚಿದಳು, ಎದ್ದು ಹೊರಗೆ ಹೋದಳು. ರೇಡಿಯೊ ಆ ಮಾತನ್ನು ಅವಳಿಗಾಗಿ ಆಡಿರಲಿಲ್ಲ, ಬೆರಳಿನ ನೆನಪೂ ಇರಲಿಲ್ಲ. ಆದರೆ ಅದನ್ನು ಯಾರು ನಂಬುತ್ತಾರೆ? ದೊಡ್ಡಮ್ಮ ಪುಸ್ತಕ ಮುಚ್ಚಿದಳೇ ಹೊರತು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆ ಸಂಜೆ ಓರಗಿತ್ತಿಯ ಬುಟ್ಟಿಯಲ್ಲಿ ಇಪ್ಪತ್ತಾರೇ ಗವಸು. ತೆಗೆದುಕೊಳ್ಳಲು ರಜೆಯೂ ಉಳಿದಿರಲಿಲ್ಲ. ಹೀಗೇ ಆದರೆ ಪಕ್ಕದ ಕೋಣೆಗೆ ಹಾಕಬೇಕಾಗುತ್ತದೆ ಎಂದು ಮೇಲ್ವಿಚಾರಕರು ಹೇಳಿ ಹೋದರು. ಪಕ್ಕದ ಕೋಣೆ ಎಂದರೆ ಕುದಿಯುವ ಹಂಡೆ, ದಿನವಿಡೀ ಹಬೆ. ಓರಗಿತ್ತಿಗೆ ಉಬ್ಬಸವಿದೆ ಎಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ರೇಡಿಯೊ ಒಬ್ಬಳಿಗೆ. ಕ್ಷಮಿಸು ಎಂದು ಹೋಗಿ ಕೇಳಬಹುದಿತ್ತು; ಅವಳ ಬಾಯಿಂದ ಬರುವ ಯಾವ ಮಾತಿಗೂ ಓರಗಿತ್ತಿಯ ಹತ್ತಿರ ಬೆಲೆಯಿರಲಿಲ್ಲ. ಇನ್ನು ಉಳಿದದ್ದು ಕೈ.

ಮರುದಿನದಿಂದ ಅವಳು ಎಲ್ಲರಿಗಿಂತ ಒಂದು ಗಂಟೆ ಮುಂಚೆ ಬಂದಳು. ಕಾವಲುಗಾರನಿಂದ ಬೀಗದ ಕೈ ಇಸಿದುಕೊಂಡು, ಓರಗಿತ್ತಿಯ ಪಾಲಿನ ಕತ್ತರಿಸಿದ ಬಟ್ಟೆಯಿಂದ ಹದಿನೈದು ತುಂಡು ತೆಗೆದು, ತನ್ನ ಮಿಷನ್ನಿನಲ್ಲಿ ಹೊಲಿದು, ಅವಳ ಬುಟ್ಟಿಯ ತಳದಲ್ಲಿಟ್ಟಳು. ಆಮೇಲೆ ಹೊರಗೆ ಒಂದು ಸುತ್ತು ಹಾಕಿ, ಎಲ್ಲರ ಜೊತೆ ಆಗಷ್ಟೇ ಬಂದವಳ ಹಾಗೆ ಒಳಗೆ ಬಂದಳು. ಇಷ್ಟು ಬೇಗ ಯಾಕೆ ಎಂದು ಕಾವಲುಗಾರ ಕೇಳಿದಾಗ ಹೇಳಿಬಿಡುವಷ್ಟು ಆಸೆಯಾಯಿತು. ಮನೆಯ ಗಡಿಯಾರ ಮುಂದೋಡುತ್ತಿದೆ ಎಂದಳು. ಅವನು ನಾಲ್ಕನೆಯ ದಿನವೂ ಕೇಳಿ, ಗಡಿಯಾರ ರಿಪೇರಿಯವನ ವಿಳಾಸ ಕೊಟ್ಟ.

ಮೊದಲ ವಾರ ಕಷ್ಟವೆನಿಸಲಿಲ್ಲ. ಅಡುಗೆ ಮಾಡುವಾಗ ಒಬ್ಬಳೇ ನಗುತ್ತಿದ್ದಳು. ಇಷ್ಟು ದಿನಕ್ಕೆ ಸುವಾರ್ತೆಯ ಒಂದು ಸಾಲನ್ನಾದರೂ ಅಕ್ಷರಕ್ಕಕ್ಷರ ಮಾಡಿದೆ ಎಂಬ ಹೆಮ್ಮೆ. ಸೋಮವಾರ ಬಂದಾಗಲೇ ಹೊಳೆದದ್ದು: ಇದನ್ನು ಹೇಳಿದರೆ ಮಾಡಿದ್ದು ಹಾಳು, ಹೇಳದಿದ್ದರೆ ಮಾಡಿಲ್ಲವೆಂದು ಲೆಕ್ಕ. ಬಾಯಲ್ಲಿ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ದೊಡ್ಡಮ್ಮ ಅವಳ ಕಡೆ ತಿರುಗಿದಳು. ರೇಡಿಯೊ ಜೀವನದಲ್ಲಿ ಮೊದಲ ಸಲ ತಲೆ ತಗ್ಗಿಸಿ ಸುಮ್ಮನೆ ಕೂತಳು.

ಅಷ್ಟು ಸಾಲದು ಎಂಬಂತೆ, ಎಂದೂ ಬಾಯಿಬಿಡದ ಓರಗಿತ್ತಿ ಅಂದು ಎದ್ದು ನಿಂತಳು. ತನ್ನ ಬುಟ್ಟಿಗೆ ದಿನವೂ ಯಾರೋ ಗವಸು ಹೊಲಿದು ಹಾಕುತ್ತಿದ್ದಾರೆ, ಯಾರೆಂದು ತನಗೆ ಗೊತ್ತು ಎಂದಳು. ಓರಗಿತ್ತಿ ನೇರವಾಗಿ ಮೂರನೆಯ ಮಿಷನ್ನಿನವಳ ಹತ್ತಿರ ಹೋಗಿ, ಅವಳ ಎರಡೂ ಕೈ ಹಿಡಿದು ಅತ್ತಳು. ಅವಳು ಕೆಲಸಕ್ಕೆ ಸೇರಿ ಮೂರು ತಿಂಗಳಾಗಿದ್ದ, ಆಸ್ಪತ್ರೆಯ ಆವರಣದಲ್ಲೇ ವಾಸವಿದ್ದ, ಎಲ್ಲರೂ ಹೊಸಬಳು ಎಂದೇ ಕರೆಯುತ್ತಿದ್ದ ಹುಡುಗಿ. ಹೊಸಬಳು ಏನೋ ಹೇಳಲು ಬಾಯಿ ತೆರೆದಳು, ಅಳುವವಳನ್ನು ನೋಡಿ ಮುಚ್ಚಿಕೊಂಡಳು. ದೊಡ್ಡಮ್ಮ ಅವಳ ತಲೆ ಸವರಿದಳು.

ಇನ್ನು ರೇಡಿಯೊಳ ಹೊಟ್ಟೆಯುರಿಯನ್ನು ಕೇಳಬೇಕೆ? ಬೆಳಿಗ್ಗೆ ಏಳುವುದು ತಾನು, ಕಾವಲುಗಾರನ ಕೈಲಿ ಉಪದೇಶ ಕೇಳುವುದು ತಾನು, ತಲೆ ಸವರಿಸಿಕೊಳ್ಳುವುದು ಅವಳು! ಆ ಹುಡುಗಿ ದಾರ ಕೇಳಿದರೆ ಇಲ್ಲವೆಂದಳು. ಅವಳ ಹೊಲಿಗೆ ಡೊಂಕು ಎಂದು ಎಲ್ಲರೆದುರು ಎತ್ತಿ ತೋರಿಸಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಅವಳಿಗೇ ಗೊತ್ತಾಗುತ್ತಿತ್ತು, ಆದರೂ ತಡೆಯಲಾಗಲಿಲ್ಲ. ಮನೆಯಲ್ಲಿ ಗಂಡ ಎಂದಿನಂತೆ, ಇವತ್ತಿನ ಸಮಾಚಾರವೇನು ಎಂದು ಕೇಳಿದರೆ ಒಂದು ವಾಕ್ಯ ಶುರುಮಾಡಿ ಅರ್ಧಕ್ಕೆ ಬೇರೆ ಕಡೆ ತಿರುಗಿಸುತ್ತಿದ್ದಳು. ಊಟ ಸೇರಲಿಲ್ಲ. ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ಸುಮ್ಮನೆ ಓಡಾಡುತ್ತಿದ್ದಳು. ಬೆಳಗಾದರೆ ಮಾತ್ರ ಕಾಲು ತಾನಾಗಿ ಆಸ್ಪತ್ರೆಯ ಕಡೆ ನಡೆಯುತ್ತಿತ್ತು. ಹೊಗಳಿಕೆ ಬೇರೆಯವಳಿಗೆ ಹೋಯಿತೆಂದು ಹೊಲಿಗೆ ನಿಲ್ಲಿಸಿದರೆ ಹಬೆ ಕೋಣೆಗೆ ಹೋಗುವವಳು ಹೊಸಬಳಲ್ಲವಲ್ಲ.

ಹೀಗೆ ನಾಲ್ಕು ವಾರ. ಬೆರಳಿನ ಕಟ್ಟು ಬಿಚ್ಚಿತು, ಓರಗಿತ್ತಿ ತಾನೇ ನಲವತ್ತು ಮುಟ್ಟಿದಳು. ಇನ್ನು ಹೇಳಿದರೆ ತಪ್ಪೇನು? ಕೆಲಸವಂತೂ ಮುಗಿಯಿತು. ಹೇಳಿದರೆ ನಾಲ್ಕು ವರ್ಷದ ಮುನಿಸಾದರೂ ಕರಗೀತು. ಎಡಗೈಗೆ ಎಷ್ಟು ದಿನ ಮುಚ್ಚಿಡಬೇಕೆಂದು ಸುವಾರ್ತೆಯಲ್ಲಿ ಎಲ್ಲೂ ಬರೆದಿಲ್ಲ ಎಂದು ಅವಳು ತನ್ನೊಳಗೇ ವಕೀಲಿಕೆ ಮಾಡಿದಳು. ಐದನೆಯ ಸೋಮವಾರ ನಿರ್ಧಾರ ಮಾಡಿಕೊಂಡೇ ಬಂದಳು.

ಅಂದು ಓದಿದ್ದು ಹತ್ತು ಕುಷ್ಠರೋಗಿಗಳ ಕಥೆ. ಹತ್ತೂ ಜನ ವಾಸಿಯಾದರು, ಹಿಂದಿರುಗಿ ಬಂದು ಉಪಕಾರ ನೆನೆದವನು ಒಬ್ಬನೇ. ಇದು ತನಗಾಗಿಯೇ ಬಂದ ಭಾಗ ಎನಿಸಿತು ರೇಡಿಯೊಗೆ. ದೊಡ್ಡಮ್ಮ ಪುಸ್ತಕ ಮುಚ್ಚುವ ಮೊದಲೇ ಎದ್ದು ನಿಂತು, ತನ್ನದೊಂದು ಮಾತಿದೆ ಎಂದಳು. ಹೊಸಬಳು ತಲೆ ತಗ್ಗಿಸಿದಳು. ಓರಗಿತ್ತಿ ಮಾತ್ರ ತಲೆ ಎತ್ತಿ ರೇಡಿಯೊಳನ್ನೇ ನೋಡಿದಳು. ನಾಲ್ಕು ವರ್ಷದಲ್ಲಿ ಹಾಗೆ ನೋಡಿರಲಿಲ್ಲ. ಆ ಕಣ್ಣಲ್ಲಿ ಕೋಪವಿರಲಿಲ್ಲ, ಭಯವಿತ್ತು. ಯಾರಿಗೂ ಹೇಳಬೇಡ ಎಂದು ಕೈ ಹಿಡಿದ ದಿನ ಇದ್ದದ್ದೂ ಇದೇ ಕಣ್ಣು. ಯಾಕೆ ಈಗ ಎಂದು ರೇಡಿಯೊಗೆ ಅರ್ಥವಾಗಲಿಲ್ಲ. ಆದರೆ ಅಂದು ಈ ಕಣ್ಣನ್ನು ನೋಡಿಯೂ ತಾನು ಹೋಗಿ ಹೇಳಿದ್ದೆ ಎಂಬುದು ನೆನಪಾಯಿತು.

“ಏನೂ ಇಲ್ಲ ದೊಡ್ಡಮ್ಮ. ನಾನೇನೂ ಮಾಡಿಲ್ಲ” ಎಂದು ಕೂತುಬಿಟ್ಟಳು.

ಸಂಜೆ ಹೊರಗಿನ ನಲ್ಲಿಯಲ್ಲಿ ಕೈ ತೊಳೆಯುವಾಗ ಓರಗಿತ್ತಿ ಬಂದು ಪಕ್ಕದಲ್ಲಿ ನಿಂತಳು. ಕೈಯಲ್ಲಿ ಒಳಹೊರಗಾಗಿ ತಿರುವಿದ ಒಂದು ಗವಸು. ಮೂಲೆಯನ್ನು ಹೆಬ್ಬೆರಳಿನಿಂದ ಸವರಿ ತೋರಿಸಿದಳು. ಅಲ್ಲಿ ಹೊಲಿಗೆ ಮೂರು ಸಲ ಹಿಂದೆ ಮುಂದೆ ಓಡಿತ್ತು. ಉಳಿದವರೆಲ್ಲ ಎರಡು ಸಲ ಓಡಿಸಿ ಬಿಡುತ್ತಾರೆ. ಮೂರು ಸಲ ಓಡಿಸುತ್ತಿದ್ದವರು ಅವರಿಬ್ಬರ ಅತ್ತೆ. ಅವರು ಹೊಲಿಗೆ ಕಲಿಸಿದ್ದು ಹಿರಿಸೊಸೆಗೆ ಮಾತ್ರ.

“ಆ ಹುಡುಗಿ ಅವತ್ತು ಸಂಜೆನೇ ಬಂದು ಹೇಳಿದ್ಲು, ನಾನಲ್ಲ ಅಂತ. ಆಮೇಲೆ ಇದನ್ನ ನೋಡಿದೆ. ಬೆಕ್ಕು ಕಣ್ಮುಚ್ಚಿ ಹಾಲು ಕುಡಿದ ಹಾಗೆ ಮಾಡಿದೀಯ.”

ರೇಡಿಯೊ ನಲ್ಲಿ ನಿಲ್ಲಿಸುವುದನ್ನು ಮರೆತಳು. ದಾರ ಕೊಡದೆ ಗೋಳುಹೊಯ್ದುಕೊಂಡ ಹುಡುಗಿಯ ಮುಖ ಕಣ್ಮುಂದೆ ಬಂತು. ನಾಳೆ ಮೊದಲು ಅವಳ ಹತ್ತಿರ ಹೋಗಬೇಕು ಎಂದುಕೊಂಡಳು. ಓರಗಿತ್ತಿ ನಲ್ಲಿ ತಿರುವಿದಳು. ಇವತ್ತು ಹೇಳುತ್ತೀಯ, ನಾಳೆ ಹೇಳುತ್ತೀಯ ಎಂದು ದಿನವೂ ಕಾದೆ, ಮಧ್ಯಾಹ್ನ ನೀನು ಎದ್ದು ನಿಂತಾಗ ಮುಗಿಯಿತು, ಇನ್ನು ನಿನ್ನ ಹತ್ತಿರ ಏನೂ ಹೇಳಿಕೊಳ್ಳುವಂತಿಲ್ಲ ಎಂದುಕೊಂಡೆ ಎಂದಳು. ಆಮೇಲೆ ಗವಸನ್ನು ಮಡಿಸಿದಳು, ಮತ್ತೆ ಬಿಚ್ಚಿದಳು.

“ಅಕ್ಕ, ಎದೆಯಲ್ಲೊಂದು ಗಂಟಿದೆ. ಗುರುವಾರ ಪರೀಕ್ಷೆಗೆ ಬಾ ಅಂದಿದಾರೆ, ಇಲ್ಲಿ ಅಲ್ಲ, ಬೇರೆ ಆಸ್ಪತ್ರೆಲಿ. ಮನೇಲಿ ಯಾರಿಗೂ ಗೊತ್ತಿಲ್ಲ, ಅವರಿಗೂ ಹೇಳಿಲ್ಲ. ಒಬ್ಬಳೇ ಹೋಗೋಕೆ ಧೈರ್ಯ ಬರ್ತಿಲ್ಲ. ಬರ್ತೀಯಾ?”

ರೇಡಿಯೊ ತಲೆಯಾಡಿಸಿದಳು. ಇಬ್ಬರೂ ಒಟ್ಟಿಗೆ ನಡೆದು ಮನೆಗೆ ಬಂದರು. ದಾರಿಯಲ್ಲಿ ಓರಗಿತ್ತಿ ಯಾರಿಗೂ ಹೇಳಬೇಡ ಎಂದು ಒಮ್ಮೆಯೂ ಕೇಳಲಿಲ್ಲ.

ಗಂಡ ಚಪ್ಪಲಿ ಬಿಡುತ್ತಲೇ, ಇವತ್ತಿನ ಸಮಾಚಾರವೇನು ಎಂದ. ಗುರುವಾರ ಬೇಗ ಹೋಗಬೇಕು ಎಂದಳು. ಎಲ್ಲಿಗೆ ಎಂದ. ಕೆಲಸವಿದೆ ಎಂದಳು. ರೇಡಿಯೊ ಕೆಟ್ಟಿದೆ, ಬ್ಯಾಟರಿ ಹಾಕಿಸಬೇಕು ಎಂದು ಅವನು ನಕ್ಕ. ಅವಳಿಗೆ ನಗು ಬರಲಿಲ್ಲ. ಕಳೆದ ವಾರಗಳಲ್ಲಿ ಹೊಟ್ಟೆಯೊಳಗೆ ಕುದ್ದದ್ದು ಹೆಮ್ಮೆ. ಇದು ಹೆಮ್ಮೆಯಲ್ಲ, ಹೆದರಿಕೆ. ಇವನು ಓರಗಿತ್ತಿಯ ಗಂಡನ ಸ್ವಂತ ಅಣ್ಣ. ಇವನಿಗೆ ಹೇಳಿದರೆ ನಾಳೆ ತಮ್ಮನ ಮುಖ ನೋಡಿ ಸುಮ್ಮನಿರುತ್ತಾನೆಯೇ? ಒಲೆಯ ಮುಂದೆ ನಿಂತಳು, ಬಾಗಿಲವರೆಗೆ ಹೋದಳು, ಮರಳಿ ಒಲೆಗೆ ಬಂದಳು. ಎರಡು ಮನೆಯಾಚೆ ಒಬ್ಬಳು ಇದನ್ನು ಎಷ್ಟು ದಿನದಿಂದ ಒಬ್ಬಳೇ ನುಂಗಿಕೊಂಡಿದ್ದಳೋ.

ಕೊನೆಗೆ ಒಲೆ ಆರಿಸಿದಳು. ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು, ಚಿಲಕವನ್ನೂ ಹಾಕಿದಳು. ಮಡಿಸದ ಬಟ್ಟೆಗಳ ನಡುವೆ ಮಂಚದ ಅಂಚಿಗೆ ಕೂತು, ಸೂಜಿ ಇಳಿದ ಬೆರಳಿನ ಮಾತಿನಿಂದ ಶುರುಮಾಡಿ, ಹೊಸಬಳಿಗೆ ಕೊಡದ ದಾರ, ಮೈದುನನ ಚೀಲ, ಗುರುವಾರದ ಪರೀಕ್ಷೆ, ಒಂದೂ ಬಿಡದೆ ಹೇಳತೊಡಗಿದಳು. ಮಧ್ಯೆ ಅಳು ಬಂತು, ಮೂಗು ಒರೆಸಿಕೊಂಡು ಮುಂದುವರಿಸಿದಳು.

ಹೊರಗಿನಿಂದ ಗಂಡ ಬಾಗಿಲು ತಟ್ಟಿದ. “ಯಾರ ಹತ್ರ ಮಾತಾಡ್ತಿದೀಯೇ ಒಳಗೆ?”

“ಮುಗೀಲಿ, ಬರ್ತೀನಿ” ಎಂದು ಅವಳು ಮತ್ತೆ ದನಿ ತಗ್ಗಿಸಿದಳು. ಹೇಳುವುದು ಇನ್ನೂ ಬಹಳವಿತ್ತು.